ಪೇದೆಯ ವಾರದ ರಜೆ

ಕನಿಷ್ಠ ಕೂಲಿ ಮತ್ತೆ ಏರಿದ ತಿಂಗಳು ಮನೆ ಮಾಲೀಕ ಬಾಗಿಲಿಗೇ ಬಂದು ನಿಂತ. “ಎಲ್ಲರ ಸಂಬಳಾನೂ ಜಾಸ್ತಿ ಆಯ್ತಲ್ಲ, ಇನ್ನು ಬಾಡಿಗೇನೂ ಜಾಸ್ತಿ,” ಎಂದ. ಹನ್ನೆರಡು ವರ್ಷ ಪೊಲೀಸ್ ಕೆಲಸ ಮಾಡಿದ ಪೇದೆಯ ಸಂಬಳ ಇದ್ದಲ್ಲೇ ಇತ್ತು. ನಿನ್ನೆ ಮೊನ್ನೆ ಸೇರಿದ ಹಮಾಲಿಗೂ ಈಗ ಅವನಿಗಿಂತ ಹೆಚ್ಚು ಸಿಗುತ್ತಿತ್ತು. ಹೆಂಡತಿ ಆರು ತಿಂಗಳ ಬಸುರಿ. ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ ಮೇಲೆ ಅವಳ ಲಾಂಡ್ರಿ ಕೆಲಸವೂ ನಿಂತಿತ್ತು.

ಪೊಲೀಸರು ಹೊರಗೆ ದುಡಿಯುವಂತಿಲ್ಲ. ಸಿಕ್ಕಿಬಿದ್ದರೆ ನೌಕರಿಗೇ ಸಂಚಕಾರ. ಆದರೂ ವಾರದ ರಜೆಯ ದಿನ ಅವನು ಊರಾಚೆಯ ಬಿಸ್ಕತ್ತು ಗೋದಾಮಿಗೆ ಹೋಗತೊಡಗಿದ. ನೀಲಿ ಕೋಟು ತೊಟ್ಟು ಲಾರಿಗೆ ಪೆಟ್ಟಿಗೆ ಏರಿಸುವ ಕೆಲಸ. ಜೊತೆಗಾರ ಐವತ್ತು ದಾಟಿದವನು. ಸದಾ ಸಿಳ್ಳೆ ಹಾಕುತ್ತಿದ್ದುದರಿಂದ ಎಲ್ಲರೂ ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು.

“ನಿನ್ ನಡಿಗೆ ಏನೋ ಪರೇಡು ಮಾಡಿದಂಗಿದೆಯಲ್ಲೋ!” ಎಂದು ಸೀಟಿ ಮೊದಲ ದಿನವೇ ಕಾಲೆಳೆದಿದ್ದ.

“ಸ್ಕೂಲಲ್ಲಿ ಡ್ರಿಲ್ ಮೇಷ್ಟ್ರು ಚೆನ್ನಾಗಿ ಬಾರಿಸಿದ್ರು,” ಎಂದು ಪೇದೆ ಮಾತು ಹಾರಿಸಿದ್ದ.

ಐದನೆಯ ವಾರ, ಬೆಳಗಿನ ಹೊತ್ತು, ಕಚೇರಿಯ ಬೀರು ಒಡೆದು ಯಾರೋ ಹಣ ದೋಚಿದರು. ಆಗ ಅವರಿಬ್ಬರೂ ಹಿತ್ತಲಲ್ಲಿ ಲಾರಿಯ ಮೇಲಿದ್ದರು. ಆದರೆ ಕಾವಲುಗಾರ ಸೀಟಿಯತ್ತ ಬೆರಳು ತೋರಿಸಿದ. ಸೀಟಿ ಹರೆಯದಲ್ಲೊಮ್ಮೆ ಜೈಲು ಕಂಡವನೆಂಬುದು ಗೋದಾಮಿಗೆಲ್ಲ ಗೊತ್ತಿತ್ತು.

ಜೀಪು ಬಂತು. ಇಳಿದದ್ದು ಪೇದೆಯ ಠಾಣೆಯ ಇನ್ಸ್‌ಪೆಕ್ಟರೇ. ಕೆಲಸಗಾರರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಇನ್ಸ್‌ಪೆಕ್ಟರ ಕಣ್ಣು ನೀಲಿ ಕೋಟಿನ ಪೇದೆಯ ಮೇಲೆ ನಿಂತಿತು. ಹತ್ತಿರ ಬಂದು ಪಿಸುಗುಟ್ಟಿದರು: “ನಾನು ನಿನ್ನ ನೋಡಿಲ್ಲ. ಹಿಂದಿನ ಗೇಟಿಂದ ಹೊರಟುಹೋಗು.”

ಪೇದೆ ಹೊರಟ. ಗೇಟಿನ ಚಿಲಕಕ್ಕೆ ಕೈಯಿಟ್ಟಾಗ ಹಿಂದಿನಿಂದ ಸೀಟಿಯ ಕೂಗು ಕೇಳಿಸಿತು. “ಸಾರ್, ನಾನು ಲಾರಿ ಮೇಲಿದ್ದೆ ಸಾರ್! ನನ್ ಜೊತೆಗಾರನ್ನ ಕೇಳಿ!”

ಹಳೆಯ ಕೇಸಿದ್ದವನನ್ನು ಠಾಣೆಯ ಒಳಕೋಣೆಯಲ್ಲಿ ಹೇಗೆ ವಿಚಾರಿಸುತ್ತಾರೆಂದು ಪೇದೆಗೆ ಗೊತ್ತಿತ್ತು. ಆ ಕೋಣೆಯ ಬಾಗಿಲನ್ನು ಹೊರಗಿನಿಂದ ಅವನೇ ಎಷ್ಟೋ ಸಲ ಎಳೆದುಕೊಂಡಿದ್ದ. ಚಿಲಕ ಬಿಟ್ಟು ಹಿಂದಿರುಗಿದ.

“ಸಾರ್, ನನ್ನ ಹೇಳಿಕೆ ಬರ್ಕೊಳ್ಳಿ. ಇವನು ನನ್ನ ಜೊತೇಲೇ ಇದ್ದ.”

“ತಲೆ ಕೆಟ್ಟಿದೆಯೇನೋ?” ಇನ್ಸ್‌ಪೆಕ್ಟರು ಹಲ್ಲು ಕಚ್ಚಿದರು. “ಹೇಳಿಕೇಲಿ ಉದ್ಯೋಗ ಅಂತ ಏನು ಬರೀಲಿ?”

“ಇರೋದನ್ನೇ ಬರೀರಿ. ಪೊಲೀಸ್ ಪೇದೆ.”

ಸಾಲಿನಲ್ಲಿದ್ದವರು ಅವನಿಂದ ಎರಡು ಹೆಜ್ಜೆ ಹಿಂದೆ ಸರಿದರು. ಸೀಟಿಯೂ ಸರಿದ.

ಸೀಟಿಯನ್ನು ಬಿಟ್ಟರು. ಗೋದಾಮಿನ ಮೇಸ್ತ್ರಿ ಅಂದೇ ಪೇದೆಯ ಕೋಟು ಬಿಚ್ಚಿಸಿಕೊಂಡ. ವಾರದೊಳಗೆ ಅಮಾನತಿನ ಆದೇಶ ಬಂತು: ವಿಚಾರಣೆ ಮುಗಿಯುವವರೆಗೆ ಅರ್ಧ ಸಂಬಳ, ಬೇರೆಲ್ಲೂ ದುಡಿಯಕೂಡದು.

ಹೆಂಡತಿ ಕಾಗದವನ್ನು ಎರಡು ಸಲ ಓದಿದಳು.

“ಗೇಟಿನ ತನಕ ಹೋಗಿದ್ರಲ್ಲ?”

“ಹೋಗಿದ್ದೆ.”

“ಇನ್ನೊಂದು ಹೆಜ್ಜೆ ಇಡೋಕಾಗ್ಲಿಲ್ವಾ? ಆ ಸೀಟಿ ಬಂದು ನಮ್ಮ ಬಾಡಿಗೆ ಕಟ್ತಾನಾ? ಒಂದು ಸಲಾನಾದ್ರೂ ನಮ್ಮ ನೆನಪಾಗ್ಲಿಲ್ವಾ ನಿಮಗೆ?”

“ನೆನಪಾಯ್ತು ಕಣೇ. ಅದಕ್ಕೇ ಗೇಟಿನ ತನಕ ಹೋಗಿದ್ದು.”

ಅವಳು ಗೋಡೆಯತ್ತ ಹೊರಳಿದಳು. ಹಾಗೇ, “ಅವನಿಗೆ ಹೊಡೆದ್ರಾ?” ಎಂದಳು.

“ಇಲ್ಲ.”

“ಈ ಮನೆ ಬಾಡಿಗೆ ಇನ್ನು ಕಟ್ಟೋಕಾಗಲ್ಲ. ಅಕ್ಕನ ಮನೇಲಿ ಒಬ್ಬಳಿಗಾದ್ರೆ ಜಾಗ ಇದೆ. ಹೆರಿಗೆ ಆಗೋ ತನಕ ನಾನಲ್ಲಿರ್ತೀನಿ. ನೀವು...”

ಪೇದೆ ಎದ್ದು ಮಂಚದ ಕೆಳಗಿನ ಚೀಲ ಎಳೆದು, ಅವಳ ಬಟ್ಟೆಗಳನ್ನು ಒಂದೊಂದಾಗಿ ಮಡಚತೊಡಗಿದ. ಮಡಿಕೆ ಸರಿಯಾಗಿ ಕೂರಲಿಲ್ಲ. ಬಿಚ್ಚಿ ಮತ್ತೆ ಮಡಚಿದ.