ಬಾಗಿಲಲ್ಲಿ ಕೂತ ದೃಷ್ಟಿಬೊಂಬೆ

ಗ್ರೈಂಡರಿನ ಕಲ್ಲಿಗೆ ಅಂಟಿದ್ದ ಉದ್ದಿನ ಹಿಟ್ಟನ್ನು ಶಾಮಲಾ ಬೆರಳಿನಿಂದ ಬಳಿದು ಪಾತ್ರೆಗೆ ಹಾಕುತ್ತಿದ್ದಾಗ, ಒಂಬತ್ತು ವರ್ಷದ ವಿಭವ್ ಅವಳ ಫೋನು ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದ.

"ಅಮ್ಮಾ, ಅಪಾರ್ಟ್‌ಮೆಂಟಿನ ಕಾಂಡೋ ಗ್ರೂಪಲ್ಲಿ ಮೆಸೇಜ್ ಬಂದಿದೆ. ಇವತ್ತು ಸಂಜೆ ಆರಕ್ಕೆ ಟ್ರಿಕ್ ಆರ್ ಟ್ರೀಟ್. ಹೊರಗಡೆ ಹ್ಯಾಲೊವೀನ್ ಡೆಕೊರೇಷನ್ ಇರೋ ಮನೆಗೆ ಮಾತ್ರ ಮಕ್ಕಳು ಬರ್ತಾರಂತೆ. ಎವ್ರಿ ಇಯರ್ ನಮ್ಮನೆ ಸ್ಕಿಪ್ ಮಾಡ್ತಾರೆ."

"ಅಪ್ಪನ್ನ ಕೇಳು."

ಈಚೆಗೆ ಎಲ್ಲದಕ್ಕೂ ಅವಳದು ಇದೇ ಉತ್ತರ. ಏಪ್ರಿಲ್‌ನಲ್ಲಿ ಅತ್ತೆ ತೀರಿಕೊಂಡಿದ್ದರು. ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬವಿಲ್ಲ. ಗೌರಿ ಗಣೇಶ ಹಾಗೇ ಕಳೆಯಿತು. ದಸರೆಗೆ ಬೊಂಬೆ ಕೂರಿಸಲಿಲ್ಲ. ಮುಂದಿನ ವಾರದ ದೀಪಾವಳಿಯೂ ಇಲ್ಲ.

ಶಾಮಲಾಗೆ ಕಷ್ಟವಾಗಿದ್ದುದು ಹಬ್ಬವಿಲ್ಲದ್ದಲ್ಲ. ಅತ್ತೆ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ರಾತ್ರಿ ಎರಡು ಸಲ ಮಗ್ಗುಲು ಬದಲಿಸಬೇಕಿತ್ತು, ಹಾಗಾಗಿ ಆ ನಾಲ್ಕು ವರ್ಷವೂ ಅವಳು ಅವರ ಕೋಣೆಯಲ್ಲೇ ನೆಲದ ಮೇಲೆ ಮಲಗಿದ್ದಳು. ಕಾರ್ಯಗಳೆಲ್ಲ ಮುಗಿದು, ನೆಂಟರು ವಿಮಾನ ಹತ್ತಿ ಮೈಸೂರಿಗೆ ಮರಳಿದ ಮರುದಿನ ಅವಳಿಗೆ ಎಚ್ಚರವಾದಾಗ ಏಳೂವರೆ. ಮೈಯೆಲ್ಲ ಹಗುರ. ಅತ್ತೆಯ ಮೇಲೆ ಅವಳಿಗೆ ಯಾವ ಕೋಪವೂ ಇರಲಿಲ್ಲ. ಕೊನೆಕೊನೆಗೆ ಅವರು ಮಗನ ಹೆಸರು ಮರೆತು ಇವಳ ಹೆಸರನ್ನೇ ಕೂಗುತ್ತಿದ್ದರು. ಆದರೂ ಆ ಹಗುರ ಹೋಗಲಿಲ್ಲ. ದಿನದಿನಕ್ಕೂ ಅದು ಸಂತೋಷದ ಹಾಗೆಯೇ ಕಾಣತೊಡಗಿದಾಗ ಅವಳಿಗೆ ಹೆದರಿಕೆಯಾಯಿತು. ಅಮ್ಮನನ್ನು ಕಳೆದುಕೊಂಡ ಗಂಡನಿಗೆ ಇದು ಗೊತ್ತಾದರೆ? ಅವನೆದುರು ನಗುವುದನ್ನು ಬಿಟ್ಟಳು. "ಆ ಕೋಣೇಲಿ ದೀಪ ನೋಡ್ಕೋಬೇಕು, ವರ್ಷ ಆಗ್ಲಿ" ಎಂದು ಹೇಳಿ ಇನ್ನೂ ಅಲ್ಲೇ ಮಲಗುತ್ತಿದ್ದಳು. ಪಕ್ಕದಲ್ಲಿ ಮಲಗಿದವರಿಗೆ ಉಸಿರಿನಲ್ಲೇ ಎಲ್ಲ ತಿಳಿದುಹೋಗುತ್ತದೆ.

ನಡುಮನೆಯಿಂದ ಮಾತು ಕೇಳಿಸುತ್ತಿತ್ತು.

"ವರ್ಷದೊಳಗೆ ಹಬ್ಬ ಮಾಡೋ ಹಾಗಿಲ್ಲ ಮರಿ," ಎಂದ ಪಟ್ಟಾಭಿರಾಮ.

"ಅಪ್ಪಾ, ಇದು ಹಬ್ಬ ಅಲ್ಲ ಲಾ," ಎಂದಳು ಹದಿನೈದರ ಧೃತಿ, ಈ ದೇಶದವರ 'ಲಾ' ಸೇರಿಸಿ. "ನಿಮ್ಮ ಪಂಚಾಂಗದಲ್ಲಿ ಹ್ಯಾಲೊವೀನ್ ಎಲ್ಲಿದೆ ತೋರಿಸಿ ನೋಡೋಣ."

ಪಟ್ಟಾಭಿರಾಮ ಬ್ಯಾಂಕಿನಲ್ಲಿ ನಿಯಮಗಳನ್ನು ನೋಡಿಕೊಳ್ಳುವ ವಿಭಾಗದವನು. ಅನುಮಾನ ಬಂದರೆ ಮೇಲಿನವರನ್ನು ಕೇಳದೆ ಅವನು ಏನೂ ಮಾಡುವುದಿಲ್ಲ. ಮೈಸೂರಿನಲ್ಲಿರುವ ದ್ವಾರಕನಾಥ ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡಿದ. ಶಾಮಲಾ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

"ಹ್ಯಾಲೊವೀನಾ? ಅದೇನೋ ಅದು? ಏನ್ ಮಾಡ್ತಾರೆ?"

"ದೆವ್ವ ಭೂತದ ಬೊಂಬೆಗಳನ್ನ ಮಾಡಿ ಮನೆ ಮುಂದೆ ಇಡ್ತಾರೆ ಚಿಕ್ಕಪ್ಪ."

"ಪೂಜೆ ಉಂಟಾ?"

"ಇಲ್ಲ."

"ನೈವೇದ್ಯ?"

"ಇಲ್ಲ. ಮಕ್ಕಳಿಗೆ ಚಾಕಲೇಟ್ ಕೊಡ್ತಾರೆ, ಅಷ್ಟೆ."

ಚಿಕ್ಕಪ್ಪ ಕಣ್ಣು ಮುಚ್ಚಿ ಯೋಚಿಸಿದರು. "ಅದು ದೃಷ್ಟಿಬೊಂಬೆ ಕಣಯ್ಯ. ಮನೆ ಕಟ್ಟಿಸೋವಾಗ ಮುಂದೆ ನಿಲ್ಲಿಸಲ್ವೇ, ಹಾಗೆ. ಅದಕ್ಕೆಂಥ ಮೈಲಿಗೆ? ಧಾರಾಳವಾಗಿ ಇಡು. ಸಿಹಿ ಮಾತ್ರ ಮನೇಲಿ ಮಾಡ್ಬೇಡಿ. ಅಂಗಡಿ ಚಾಕಲೇಟಿಗೆ ದೋಷ ಇಲ್ಲ."

"ಥ್ಯಾಂಕ್ಯೂ ತಾತ!" ವಿಭವ್ ಸೋಫಾದ ಮೇಲಿಂದ ಜಿಗಿದ.

ಅತ್ತೆಯ ಗಾಲಿಕುರ್ಚಿಗೆ ಅನುಕೂಲವಾಗಲೆಂದೇ ಹಿಡಿದ ನೆಲಮಹಡಿಯ ಮನೆ ಅದು. ಬಾಗಿಲ ಮುಂದೆ ನಾಲ್ಕು ಹೆಜ್ಜೆಯಷ್ಟು ಸಿಮೆಂಟಿನ ಜಾಗ, ಅದರಾಚೆ ಒಂದು ದೇವಕಣಗಿಲೆ ಗಿಡ. ಮಕ್ಕಳು ಹಳೆಯ ಹಾಸುಬಟ್ಟೆ ಕತ್ತರಿಸಿ, ಒಳಗೆ ಪೇಪರಿನ ಉಂಡೆ ಇಟ್ಟು, ಕುತ್ತಿಗೆಗೆ ದಾರ ಕಟ್ಟಿ ನಾಲ್ಕು ದೆವ್ವ ಮಾಡಿ ಗಿಡಕ್ಕೆ ನೇತುಹಾಕಿದರು. ಶಾಮಲಾ ರಟ್ಟಿನಲ್ಲಿ ಬಾವಲಿಗಳನ್ನು ಕತ್ತರಿಸಿಕೊಟ್ಟಳು. ಮೊದಲನೆಯದು ಕಾಗೆಯಂತಾಯಿತು, ಎರಡನೆಯದು ಕೊಡೆಯಂತೆ.

ಪಟ್ಟಾಭಿರಾಮ ಮಾತ್ರ ಚಿಕ್ಕಪ್ಪನ ಅಪ್ಪಣೆಯನ್ನು ಅಕ್ಷರಶಃ ಹಿಡಿದುಕೊಂಡಿದ್ದ. ಅನುಮತಿ ಸಿಕ್ಕಿರುವುದು ದೃಷ್ಟಿಬೊಂಬೆಗೆ. ಆದ್ದರಿಂದ ದೃಷ್ಟಿಬೊಂಬೆಯೇ ಆಗಬೇಕು. ತನ್ನ ಹಳೆಯ ಆಫೀಸಿನ ಶರಟು ಪ್ಯಾಂಟು ತಂದು, ಪಾರ್ಸೆಲ್‌ಗಳ ಜೊತೆ ಬಂದಿದ್ದ ಗುಳ್ಳೆ ಪ್ಲಾಸ್ಟಿಕ್ಕನ್ನೆಲ್ಲ ತುಂಬಿದ. ದಿಂಬಿನ ಚೀಲಕ್ಕೆ ಚಿಂದಿ ಬಟ್ಟೆ ತುರುಕಿ ತಲೆ ಮಾಡಿದ. ಗುಡ್ಡೆ ಕಣ್ಣು, ಕೆನ್ನೆ ದಾಟುವ ಮೀಸೆ, ಗದ್ದದ ತನಕ ಇಳಿಯುವ ಕೆಂಪು ನಾಲಿಗೆ ಬರೆದ.

"ಅಪ್ಪಾ, ಸೋ ಅಗ್ಲಿ!" ಎಂದಳು ಧೃತಿ, ಮೆಚ್ಚಿಕೊಂಡು.

"ಅಗ್ಲಿ ಇರ್ಬೇಕು ಕಣೇ. ಚೆನ್ನಾಗಿದ್ರೆ ದೃಷ್ಟಿ ಯಾರಿಗೆ ತಾಕುತ್ತೆ?"

ಬೊಂಬೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಅದು ಒಂದು ಕಡೆ ವಾಲಿ, ಗದ್ದ ಎದೆಗೆ ತಾಗಿಸಿಕೊಂಡು ಕೂತಿತು. ವಿಭವ್ ಒಳಗಿನಿಂದ ಅಪ್ಪನ ಆಫೀಸಿನ ಗುರುತಿನ ಚೀಟಿ ತಂದು ಅದರ ಕೊರಳಿಗೆ ಹಾಕಿದ.

"ಅಮ್ಮಾ, ನೋಡು! ಮಂಡೇ ಮೀಟಿಂಗಲ್ಲಿ ಅಪ್ಪ!"

ನಿಜ. ಸೋಮವಾರ ಊಟದ ಮೇಲೆ ಲ್ಯಾಪ್‌ಟಾಪಿನ ಮುಂದೆ ತೂಕಡಿಸುವ ಪಟ್ಟಾಭಿರಾಮನೇ ಅದು. ವಾಲಿದ ಕತ್ತು ಸಹ ಅದೇ. ಶಾಮಲಾಗೆ ತಡೆಯಲಾಗಲಿಲ್ಲ. ಹೊಟ್ಟೆಯೊಳಗಿನಿಂದ ನಗು ಎದ್ದು ಬಂತು, ದೊಡ್ಡದಾಗಿ, ಎದುರು ಮನೆಯವರಿಗೆ ಕೇಳಿಸುವಷ್ಟು. ಮರುಕ್ಷಣವೇ ಬಾಯಿಗೆ ಕೈ ಅಡ್ಡ ಹಿಡಿದಳು. ಪಟ್ಟಾಭಿರಾಮ ಕುಂಚ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ.

ಗೊತ್ತಾಗಿಹೋಯಿತು, ಎಂದುಕೊಂಡಳು. ಆರು ತಿಂಗಳಿಂದ ಮುಚ್ಚಿಟ್ಟದ್ದು ಹೀಗೆ, ಹಾಡಹಗಲಲ್ಲಿ.

ಅವನು ನಿಧಾನವಾಗಿ ತನ್ನ ಕನ್ನಡಕ ತೆಗೆದು ಬೊಂಬೆಗೆ ಹಾಕಿದ. ಇನ್ನೊಂದು ಕುರ್ಚಿ ಎಳೆದು ಅದರ ಪಕ್ಕ ಕೂತು, ಅದರಂತೆಯೇ ಕತ್ತು ವಾಲಿಸಿ, ಕಣ್ಣು ಗುಡ್ಡೆ ಮಾಡಿ, ನಾಲಿಗೆ ಹೊರಗೆ ಚಾಚಿದ. ಮಕ್ಕಳು ಕಿರುಚಿದರು. ಅವನು ಮಕ್ಕಳ ಕಡೆ ನೋಡಲಿಲ್ಲ. ಶಾಮಲಾಳನ್ನೇ ನೋಡುತ್ತಿದ್ದ. ಅವಳು ಕೈ ತೆಗೆಯುವ ತನಕ ನಾಲಿಗೆಯನ್ನು ಒಳಗೆ ಎಳೆದುಕೊಳ್ಳಲಿಲ್ಲ.

ಅವಳು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

"ಅಬ್ಬಾ, ಸಾಕು ಮಾಡ್ರೀ!"

"ಯಾಕೆ ಸಾಕು?" ಎಂದ. "ಈ ಕೆಲಸ ನಂಗೆ ಚೆನ್ನಾಗಿ ಬರುತ್ತೆ."

ಆರು ಗಂಟೆಗೆ ಯಾರೂ ಬರಲಿಲ್ಲ. ವಿಭವ್‌ನ ಮುಖ ಬಾಡತೊಡಗಿತು. ಆರೂ ಕಾಲಿಗೆ ಈಜುಕೊಳದ ಕಡೆಯಿಂದ ಮೂವರು ಪುಟ್ಟ ಮಾಟಗಾತಿಯರು ಬಂದರು, ಬೊಂಬೆಯನ್ನು ನೋಡಿ ಚೀರಿ ಓಡಿಹೋದರು. ಎರಡೇ ನಿಮಿಷದಲ್ಲಿ ಹದಿನೈದು ಮಕ್ಕಳನ್ನು ಕರೆದುಕೊಂಡು ಮತ್ತೆ ಬಂದರು. ಬೊಂಬೆಯ ನಾಲಿಗೆ ಮುಟ್ಟಿ ನೋಡುವುದಕ್ಕೆ ಸಾಲು ನಿಂತಿತು. ಪಟ್ಟಾಭಿರಾಮ ಕನ್ನಡಕವಿಲ್ಲದೆ, ಕಣ್ಣು ಕಿರಿದು ಮಾಡಿಕೊಂಡು, ಒಬ್ಬೊಬ್ಬರಿಗೂ ಎರಡೆರಡು ಚಾಕಲೇಟ್ ಹಂಚಿದ.

"ಖಾಲಿ ಆಗ್ತಾ ಇದೆ ಶಾಮಲಾ, ಇನ್ನೊಂದು ಪ್ಯಾಕೆಟ್!"

ವಿಭವ್‌ನ ಕೈಗೆ ಸಿಗದಿರಲೆಂದು ಅದನ್ನು ಅತ್ತೆಯ ಕೋಣೆಯ ಬೀರುವಿನಲ್ಲಿ ಇಟ್ಟಿದ್ದಳು. ಒಳಗೆ ಹೋಗಿ ದೀಪ ಹಾಕಿದಳು. ಮಂಚವಿದ್ದ ಜಾಗ ಖಾಲಿ. ಗೋಡೆಯ ಬದಿಗೆ ಸುತ್ತಿಟ್ಟ ಅವಳ ಹಾಸಿಗೆ, ಮೇಲೆ ದಿಂಬು. ಅತ್ತೆಯ ಪಟದ ಮುಂದಿನ ಎಣ್ಣೆದೀಪ ಸಣ್ಣಗೆ, ನೇರವಾಗಿ ಉರಿಯುತ್ತಿತ್ತು. ಯಾರೂ ಕಾಯದಿದ್ದರೂ ಅದು ಉರಿಯುತ್ತದೆ. ಇಷ್ಟು ದಿನವೂ ಅವಳಿಗೆ ಅದು ಗೊತ್ತಿತ್ತು.

ದಿಂಬನ್ನು ಎತ್ತಿಕೊಂಡಳು. ನಡುಮನೆ ದಾಟಿ, ತಮ್ಮ ಕೋಣೆಯಲ್ಲಿ, ಮಂಚದ ಎಡಗಡೆ ಅದನ್ನಿಟ್ಟು, ಗಲೀಬನ್ನು ಕೈಯಿಂದ ಒಮ್ಮೆ ಸರಿಮಾಡಿದಳು. ವರ್ಷ ತುಂಬುವ ತನಕ ಕಾಯುವುದು ಬೇಡ. ಇವತ್ತಿನಿಂದಲೇ.

ಹೊರಗೆ ಮಕ್ಕಳ ಗಲಾಟೆ ಜೋರಾಗಿತ್ತು.

"ಏನು ಇಷ್ಟು ಹೊತ್ತು?" ಎಂದು ಕೇಳಿದ ಪಟ್ಟಾಭಿರಾಮ.

"ಹುಡುಕಬೇಕಾಯ್ತು," ಎಂದು ಶಾಮಲಾ ಪ್ಯಾಕೆಟ್ಟಿನ ತುದಿಯನ್ನು ಹಲ್ಲಿನಿಂದ ಹರಿದು ಅವನ ಕೈಗೆ ಕೊಟ್ಟಳು.