ಚುಕ್ಕಾಣಿ ಬದಲಾದ ಅಕ್ಟೋಬರ್

ಮೂವತ್ತು ವರ್ಷ ನನ್ನ ಗಂಡ ವಿಲ್ಫ್ ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದು ಚಹಾ ಕುಡಿದ. ನಾನು ದಡಕ್ಕಿಳಿದು, ಕಾಲುವೆ ಮೆಟ್ಟಿಲಿಳಿಯುವಲ್ಲಿ ನೀರು ತುಂಬಿಸಿ, ಬಸಿದು ದೋಣಿಯನ್ನು ಏರಿಸಿ ಇಳಿಸುವ ಲಾಕು ಎಂಬ ಕಲ್ಲಿನ ತೊಟ್ಟಿಗಳ ಬಾಗಿಲು ತಳ್ಳಿದೆ. ನಮ್ಮ ಕಾಲುವೆಗಳಲ್ಲಿ ಗಂಡ ಹೆಂಡತಿ ಇರುವ ದೋಣಿಗಳ ಕಥೆಯೆಲ್ಲ ಇಷ್ಟೇ. ಬಾಗಿಲ ತೊಲೆಗೆ ಬೆನ್ನು ಕೊಟ್ಟು ನೂಕುವುದು ಹೆಂಗಸರ ಹಗುರ ಕೆಲಸ, ಎರಡು ಬೆರಳಲ್ಲಿ ಚುಕ್ಕಾಣಿ ಆಡಿಸುವುದು ಗಂಡಸರ ಭಾರಿ ವಿದ್ಯೆ.

ಈ ಬೇಸಿಗೆಯಲ್ಲಿ ಅವನ ಕಣ್ಣು ಕೈಕೊಟ್ಟಿತು. ಅಕ್ಕಪಕ್ಕದ್ದೆಲ್ಲ ಕಾಣುತ್ತದೆ, ಎದುರಿಗಿರುವುದೇ ಕಾಣುವುದಿಲ್ಲ. ಕಟ್ಟಿಹಾಕಿದ್ದ ದೋಣಿಯೊಂದಕ್ಕೆ ಗುದ್ದಿ, "ಅವರು ಸರಿಯಾಗಿ ಕಟ್ಟಿರ್ಲಿಲ್ಲ" ಎಂದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಇನ್ನೊಂದಕ್ಕೆ ಗುದ್ದಿದ ದಿನ ಮಾತ್ರ ಒಲೆಯ ಮುಂದೆ ಕೂತು, 'ಡಾಬ್‌ಚಿಕ್' ಮಾರಿಬಿಡೋಣ ಎಂದ. ಆ ಅರವತ್ತಡಿ ಉದ್ದದ ಕಬ್ಬಿಣದ ದೋಣಿ ಬಿಟ್ಟರೆ ನಮಗೆ ಬೇರೆ ಮನೆಯಿಲ್ಲ, ನನಗೆ ಬೇಕಾಗಿಯೂ ಇಲ್ಲ. ನಾನು ನಡೆಸುತ್ತೇನೆ ಎಂದದ್ದಕ್ಕೆ ನಕ್ಕುಬಿಟ್ಟ. ಮೈಯೆಲ್ಲ ಉರಿಯಿತು ನನಗೆ.

ಆಡ್ಲೆಮ್‌ನ ಹದಿನೈದು ಲಾಕುಗಳ ಇಳಿಜಾರಿನ ಕೆಳಗೆ, ದೋಣಿ ಮಾರಿಸಿಕೊಡುವವನ ಕಟ್ಟೆಯಿತ್ತು. ನವೆಂಬರಿನಲ್ಲಿ ರಿಪೇರಿಗೆಂದು ಲಾಕು ಮುಚ್ಚುವ ಮೊದಲು ಅಲ್ಲಿಗೆ ತಲುಪಬೇಕು. ಅಲ್ಲಿಯವರೆಗೆ ಚುಕ್ಕಾಣಿಯನ್ನು ನನಗೆ ಕೊಡದೆ ಅವನಿಗೆ ಬೇರೆ ದಾರಿಯಿರಲಿಲ್ಲ.

"ಏನಮ್ಮಾ, ಯಜಮಾನ್ರು ಇವತ್ತು ಚುಕ್ಕಾಣಿ ಬಿಟ್ಟುಕೊಟ್ರಾ?" ಎಂದ ದಡದಲ್ಲಿ ಗಾಳ ಹಾಕಿ ಕೂತಿದ್ದವನೊಬ್ಬ.

"ನಿನ್ ಗಾಳ ಎತ್ಕೊಳಪ್ಪ, ಇಲ್ಲಾಂದ್ರೆ ಮೀನಿನ ಬದ್ಲು ನಾನೇ ಸಿಗ್ತೀನಿ" ಎಂದೆ. ಎಂದವಳೇ ಸೀದಾ ಹೋಗಿ ಮುಳ್ಳುಪೊದೆಗೆ ನುಗ್ಗಿಸಿದೆ.

"ಎಂಜಿನ್ನಿನ ರೆಕ್ಕೆಗೆ ಎಲೆ ಸಿಕ್ಕಾಕೊಂಡಿದೆ, ದೋಣಿ ತಿರುಗ್ತಾನೇ ಇಲ್ಲ!" ಎಂದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದ ವಿಲ್ಫ್. "ಎಂಜಿನ್ನು ಒಂದ್ಸಲ ಹಿಂದಕ್ಕೆ ಓಡ್ಸು, ಉದುರ್ತವೆ."

ನಿಜವೇ. ನೀರಿನ ಮೇಲೆ ಹಳದಿ ಎಲೆ ಗಂಜಿಯ ಕೆನೆಯ ಹಾಗೆ ಕಟ್ಟಿತ್ತು. ಆಗಾಗ ಹಿಂದಕ್ಕೊಮ್ಮೆ ಓಡಿಸಿ ಎಲೆ ಕೊಡವುವುದು ಕೆಲವೇ ದಿನಗಳಲ್ಲಿ ನನ್ನ ಕೈಗೆ ಚಟವಾಯಿತು.

ಆ ಚಟವೇ ಆಡ್ಲೆಮ್‌ನ ನಾಲ್ಕನೆಯ ಲಾಕಿನಲ್ಲಿ ನಮ್ಮನ್ನು ಹಿಡಿಯಿತು. ಲಾಕಿನ ಒಳಗೆ ಹಿಂಬದಿಯಲ್ಲಿ, ನೀರಿನಡಿ ಕಲ್ಲಿನ ಹೊಸ್ತಿಲಿರುತ್ತದೆ. ಅದು ಎಲ್ಲಿಯವರೆಗೆ ಬಂದಿದೆಯೆಂದು ತೋರಿಸಲು ಗೋಡೆಗೆ ಬಿಳಿ ಗೆರೆ ಎಳೆದಿರುತ್ತಾರೆ. ನೀರು ಇಳಿಯುವಾಗ ದೋಣಿ ಆ ಗೆರೆಗಿಂತ ಹಿಂದೆ ಉಳಿಯಬಾರದು. ದಡಕ್ಕಿಳಿದಿದ್ದ ವಿಲ್ಫ್ ಕೆಳಬಾಗಿಲ ತೂಬುಗಳನ್ನು ಎತ್ತಿದ್ದ, ನೀರು ಇಳಿಯುತ್ತಿತ್ತು. ಎಂಜಿನ್ನು ಕೆಮ್ಮಿತು. ನನ್ನ ಕೈ ತಾನಾಗಿ ಹಿಂದಕ್ಕೆ ಓಡಿಸಿತು. ಎಲೆ ಉದುರಿದವು, ಜೊತೆಗೆ ದೋಣಿಯೂ ಹಿಂದೆ ಸರಿಯಿತು. ನೋಡಿದರೆ ಬಿಳಿ ಗೆರೆ ನನ್ನ ಮುಂದಿದೆ. ಕಾಲಡಿಯಲ್ಲಿ ಕಬ್ಬಿಣ ಕಲ್ಲಿಗೆ ಬಡಿದ ಸದ್ದು. ಹಿಂಭಾಗ ಅಲ್ಲೇ ಕೂತಿತು, ಮುಂಭಾಗ ನೀರಿನ ಜೊತೆ ಇಳಿಯತೊಡಗಿತು. ಒಳಗೆ ತಟ್ಟೆಗಳು ಜಾರಿ ಬಿದ್ದವು.

"ತೂಬು ಬೀಳ್ಸು ವಿಲ್ಫ್!"

ಸಾರಿಗೆ ಉಪ್ಪು ಸಾಲದು ಎಂದರೂ ವಾದಕ್ಕೆ ಬರುವ ಮನುಷ್ಯ ಅವನು. ಅವನಿಗೆ ಗೆರೆಯೂ ಕಾಣುತ್ತಿರಲಿಲ್ಲ, ದೋಣಿ ಓರೆಯಾದದ್ದೂ ಕಾಣುತ್ತಿರಲಿಲ್ಲ. ಆದರೂ ಯಾಕೆಂದು ಕೇಳಲಿಲ್ಲ. ತೂಬುಗಳು ಗಡಗಡ ಸದ್ದು ಮಾಡುತ್ತ ಬಿದ್ದವು.

"ಈಗ ಮೇಲ್ಬಾಗಿಲ ತೂಬು ಎತ್ತು! ಓಡ್ಬೇಡ. ಎಡಕ್ಕೆ ಬರ್ಬೇಡ್ವೋ, ಗುಂಡಿ! ಹಾಂ, ನೇರ ಬಾ, ನೇರ."

ನನ್ನ ದನಿಯನ್ನೇ ಹಿಡಿದುಕೊಂಡು, ಕಾಲಲ್ಲಿ ಕಲ್ಲು ತಡವುತ್ತ ಬಂದ. ತೊಲೆ ಹೊಟ್ಟೆಗೆ ತಾಗಿದಾಗ ನಿಂತು, ತೂಬಿನ ಹಿಡಿ ತಿರುಗಿಸಿದ. ಮೇಲಿನ ನೀರು ಒಳಗೆ ನುಗ್ಗಿತು. ಡಾಬ್‌ಚಿಕ್ ಒಮ್ಮೆ ನರಳಿ ತೇಲಿತು.

ಎಂಜಿನ್ನು ನಿಲ್ಲಿಸಿದೆ. "ಮಾರಿಬಿಡೋಣ. ನೀನು ನಕ್ಕಿದ್ದೇ ಸರಿ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ವಿಲ್ಫ್ ತೊಲೆಯ ಮೇಲೆ ಕೂತು ಬೆವರು ಒರೆಸಿಕೊಂಡ. "ನಾನೂ ಒಂದ್ಸಲ ಹೀಗೇ ಸಿಗ್ಸಿದ್ದೆ ಐವಿ. ನೀನು ಹಾಲು ತರೋಕೆ ಹೋಗಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಚುಕ್ಕಾಣಿ ಕಿತ್ಕೊಳ್ತಿದ್ದೆ."

ಅವನನ್ನು ನೀರಿಗೆ ನೂಕಬೇಕೆನಿಸಿತು. ಅದರ ಬದಲು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ.

ಉಳಿದ ಲಾಕುಗಳನ್ನು ನಿಧಾನವಾಗಿ ಇಳಿದೆವು. ನಾನು ಕೂಗಿ ಹೇಳುವುದು, ಅವನು ತಿರುಗಿಸುವುದು. ಮಾರುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕೊನೆಯ ಲಾಕು ದಾಟಿ ತಿರುವು ಕಳೆದಾಗ ಕಟ್ಟೆ ಬಂತು. ನೀಲಿ ಕೋಟಿನ ವ್ಯಾಪಾರಿ ಆಗಲೇ ಅಂಚಿಗೆ ಬಂದು ಕೈಚಾಚಿ ನಿಂತಿದ್ದ. "ಹಗ್ಗ ಎಸೀರಮ್ಮಾ!"

ಎಂಜಿನ್ನು ತಗ್ಗಿಸಿದೆ. ವಿಲ್ಫ್ ದೋಣಿಯ ಮುಂತುದಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

"ಕಟ್ಟೆ ಬಂತು ಕಣೋ" ಎಂದು ಕೂಗಿದೆ.

"ಪಕ್ಕದಲ್ಲಿರೋದು ನಂಗೆ ಕಾಣುತ್ತೆ."

"ಏನ್ಮಾಡ್ಲಿ?"

"ನನ್ನನ್ಯಾಕೆ ಕೇಳ್ತೀಯ? ಚುಕ್ಕಾಣಿ ನಿನ್ ಕೈಲಿದೆ."

ಎಂಜಿನ್ನಿಗೆ ಜೋರು ಕೊಟ್ಟೆ. ಎಷ್ಟು ಜೋರು ಕೊಟ್ಟರೂ ನಮ್ಮದು ನಡಿಗೆಯ ವೇಗದ ದೋಣಿ. ಆ ವ್ಯಾಪಾರಿ ಪಾಪ, "ಅಮ್ಮಾ, ಹಗ್ಗ, ಹಗ್ಗ" ಎನ್ನುತ್ತ ಬಹಳ ದೂರ ನಮ್ಮ ಜೊತೆಗೇ ನಡೆದು ಬಂದ.