ಕುಂಟು ಮೆಷಿನ್ನಿನ ತಾಳ

ಕಾಲೇಜು ಹುಡುಗರ ರಾಕ್ ಬ್ಯಾಂಡೊಂದರ ಡ್ರಮ್ಮರನಿಗೆ ತಾಳ ಕಲಿಸಿದ್ದು ಯಾವ ಗುರುವೂ ಅಲ್ಲ, ಅವನಮ್ಮನ ಬಟ್ಟೆ ಒಗೆಯುವ ಮೆಷಿನ್ನು. ಹಿಂದಿನ ಕಾಲೊಂದು ಗಿಡ್ಡವಾಗಿದ್ದರಿಂದ ಬಟ್ಟೆ ಹಿಂಡುವಾಗ ಅದು ಧಡ್-ಧಡಕ್-ಧಡ್ ಎಂದು ಕುಣಿಯುತ್ತಿತ್ತು. ಕಾಲೇಜಿನವರು ಎಲ್ಲ ಕೋಣೆಗಳಿಂದಲೂ ಓಡಿಸಿದ ಮೇಲೆ ಹುಡುಗರು ಅವನ ಮನೆಯ ಬಚ್ಚಲಿನ ಪಕ್ಕದಲ್ಲೇ ಅಭ್ಯಾಸ ಮಾಡಿದರು. ಕೊನೆಗೆ ಮೆಷಿನ್ನಿನ ಸದ್ದಿಲ್ಲದೆ ಯಾರಿಗೂ ಹಾಡು ಎತ್ತಲೇ ಬರದಂತಾಯಿತು. ಹಾಗಾಗಿ ಮೊದಲ ಕಾಲೇಜು ಕಾರ್ಯಕ್ರಮಕ್ಕೆ ಒಳಗೆರಡು ಒದ್ದೆ ಹೊದಿಕೆ ಹಾಕಿ ಮೆಷಿನ್ನನ್ನೂ ಹೊತ್ತೊಯ್ದರು.

ಅಲ್ಲಿಂದ ಅದರ ಅದೃಷ್ಟ ಖುಲಾಯಿಸಿತು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ, ಆಮೇಲೆ ಟಿವಿಗೆ, ಆಮೇಲೆ ದೇಶದ ದೊಡ್ಡ ದೊಡ್ಡ ಮೈದಾನಗಳಿಗೆ. ಜನ ಒಗೆಸಿಕೊಳ್ಳಲು ಅಂಗಿ ಎಸೆಯುತ್ತಿದ್ದರು. ಪತ್ರಕರ್ತರು ಅದರ ಬಾಯಿಗೆ ಮೈಕು ಹಿಡಿದು, ಉತ್ತರ ಬರದಿದ್ದಾಗ "ಎಷ್ಟು ವಿನಯ" ಎಂದು ಬರೆದುಕೊಂಡರು. ಪೋಸ್ಟರಿನಲ್ಲಿ ಡ್ರಮ್ಮರನ ಮುಖ ಮೆಷಿನ್ನಿನ ಹಿಂದೆ ಮರೆಯಾಯಿತು. ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಬಟ್ಟೆ ಒಗೆಯುವ ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ರಾಷ್ಟ್ರಮಟ್ಟದ ಪ್ರಶಸ್ತಿಯ ಸಂಜೆ ಬ್ಯಾಂಡಿನ ಹಾಡುಗಾರ ಅವನ ಹೆಗಲ ಮೇಲೆ ಕೈಯಿಟ್ಟ. "ಬೇಜಾರು ಮಾಡ್ಕೋಬೇಡ ಕಣೋ. ನಾಳೆಯಿಂದ ತಾಳ ಎಲ್ಲ ಮೆಷಿನ್ನೇ ನೋಡ್ಕೊಳ್ಳತ್ತೆ."

"ಹಾಗಾದ್ರೆ ನಾನು?"

"ನೀನು ನೀರು ತುಂಬ್ಸು."

ಅವನು ವೇದಿಕೆಗೆ ಹೋದವನೇ ಒಂದು ರಟ್ಟು ಮಡಚಿ ಮೆಷಿನ್ನಿನ ಗಿಡ್ಡ ಕಾಲಿನ ಕೆಳಗೆ ತುರುಕಿದ. ಅದು ತೆಪ್ಪಗಾಯಿತು. ಅಂದು ಇಡೀ ಕಾರ್ಯಕ್ರಮ ಅವನೊಬ್ಬನೇ ಬಾರಿಸಿದ. ಮೆಷಿನ್ನಿನ ಆ ಕುಂಟು ತಾಳವನ್ನೂ ಬಿಡದೆ ಬಾರಿಸಿದ. ಜನ ಹುಚ್ಚೆದ್ದು ಕುಣಿದರು. ಪ್ರಶಸ್ತಿಯನ್ನು ಮೆಷಿನ್ನಿನ ಮೇಲಿಟ್ಟರು. ಹಾಡುಗಾರ ಮೆಷಿನ್ನನ್ನು ತಬ್ಬಿಕೊಂಡು, "ಇವತ್ತು ಜೀವ ತುಂಬಿ ಬಾರಿಸ್ದೆ ಕಣೋ," ಎಂದು ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಡ್ರಮ್ಮರನಿಗೆ ಅಮ್ಮನ ಫೋನ್ ಬಂತು. "ಟಿವೀಲಿ ನೋಡ್ದೆ ಮಗಾ. ಬಾರ್ಸಿದ್ದು ನೀನೇ ಅಲ್ವಾ?"

"ನಿಂಗೆ ಹೇಗಮ್ಮ ಗೊತ್ತಾಯ್ತು?"

"ಆ ಮೆಷಿನ್ನು ಸಿಟ್ಟು ಮಾಡ್ಕೊಂಡು ಬಡಿದಿದ್ದನ್ನ ನಾನು ಯಾವತ್ತೂ ಕೇಳಿಲ್ಲ. ನೀನು ಚಿಕ್ಕೋನಿದ್ದಾಗ ತಟ್ಟೆ ಬಡೀತಿದ್ದೆ ನೋಡು, ಹಾಗಿತ್ತು." ಆಮೇಲೆ ಕೇಳಿದಳು, "ಅದನ್ನ ಮನೆಗೆ ಯಾವಾಗ ತರ್ತೀಯ? ಕೈಯಲ್ಲಿ ಒಗೆದೂ ಒಗೆದೂ ಸೊಂಟ ಬಿದ್ದೋಗಿದೆ."

ಅವನು ಪ್ರಶಸ್ತಿಯನ್ನೆತ್ತಿ ನೆಲಕ್ಕಿಟ್ಟು, ಪ್ಲಗ್ ಕಿತ್ತು, ಮೆಷಿನ್ನನ್ನು ತಳ್ಳುಗಾಡಿಗೆ ಏರಿಸಿದ.

ಹಾಡುಗಾರ ಬಾಗಿಲ ತನಕ ಓಡಿಬಂದ. "ಹೋಗ್ಬೇಡ ಕಣೋ, ನೀನಿಲ್ದೆ ನಾವು ಮುಳುಗಿಹೋಗ್ತೀವಿ," ಎಂದು ಗೋಗರೆದ.

ಡ್ರಮ್ಮರ್ ಒಂದು ಕ್ಷಣ ಆಸೆಯಿಂದ ತಿರುಗಿದ. ಹಾಡುಗಾರನ ಎರಡೂ ಕೈ ಮೆಷಿನ್ನಿನ ಮುಚ್ಚಳದ ಮೇಲಿದ್ದವು. ಅವುಗಳನ್ನು ಮೆಲ್ಲಗೆ ಬಿಡಿಸಿ, ಗಾಡಿ ತಳ್ಳಿಕೊಂಡು ಅಮ್ಮನ ಮನೆಯ ದಾರಿ ಹಿಡಿದ.